20 ಇದ್ರೂ ಇನ್ಶೂರೆನ್ಸ್ ಬೇಡ
ಬ್ಲ್ಯಾಕ್‌ಜಾಕ್ (21 ದಾಟದೆ ಎಲೆ ಹಂಚೋ ಡೀಲರ್‌ನ ಮೀರಿಸೋ ಇಸ್ಪೀಟ್ ಆಟ) ಬಗ್ಗೆ ಲೇಖನ ಚೆನ್ನಾಗಿದೆ ಸರ್, ಆದ್ರೆ ಕೈಯಲ್ಲಿ 20 ಇದ್ದು ಡೀಲರ್ ಏಸ್ ತೋರ್ಸಿದ್ರೆ ಇನ್ಶೂರೆನ್ಸ್ (ಡೀಲರ್‌ನ ಮುಚ್ಚಿದ ಎಲೆ ಹತ್ತರದ್ದೇ ಅಂತ ಕಟ್ಟೋ ಬೇರೆ ಬೆಟ್) ತಗೊಳ್ಳಿ ಅಂತ ಬರ್ದಿದೀರಲ್ಲ, ಅದು ತಪ್ಪು, ದಯವಿಟ್ಟು ತಿದ್ದಿ. ಒಂದೇ ಡೆಕ್ (52 ಎಲೆ ಕಟ್ಟು) ಅಂದ್ಕೊಳ್ಳಿ, ನಿಮ್ಮ ಎರಡು ಎಲೆ ಡೀಲರ್‌ದೊಂದು ಏಸ್ ಬಿಟ್ರೆ ಉಳಿಯೋದು 49, ನಿಮ್ಮ ಹತ್ರಾನೇ ಎರಡು ಹತ್ತು ಇರೋದ್ರಿಂದ ಗುಲಾಮ ರಾಣಿ ರಾಜ ಎಲ್ಲಾ ಸೇರಿ ಉಳಿದ ಹತ್ತರ ಎಲೆ ಬರೀ 14, ಇನ್ಶೂರೆನ್ಸ್ ಕೊಡೋದು ಒಂದಕ್ಕೆ ಎರಡು ಅಂದ್ಮೇಲೆ ಮೂರರಲ್ಲಿ ಒಂದ್ಸಲನಾದ್ರೂ ಹತ್ತು ಬಂದ್ರೆ ಅಸಲು ಉಳಿಯೋದು, ಇಲ್ಲಿ ಏಳರಲ್ಲಿ ಎರಡೇ ಸಲ. ಒಳ್ಳೆ ಕೈ ಇದ್ದಾಗ್ಲೇ ಇದು ಇನ್ನೂ ಕೆಟ್ಟ ಬೆಟ್!

ಹೊಸದಾಗಿ ಕಲಿಯೋರು ಯಾವ ಕೈಗೆ ಏನ್ ಮಾಡ್ಬೇಕು ಅನ್ನೋ ಇಡೀ ಚಾರ್ಟ್ ಒಂದೇ ದಿನ ಬಾಯಿಪಾಠ ಮಾಡಕ್ಕೆ ಹೋಗ್ಬೇಡಿ. ನಾನು ಮನೇಲಿ ಇಸ್ಪೀಟ್ ಎಲೆ ಹರಡ್ಕೊಂಡು ಮೊದಲು ಜೋಡಿ ಕಲ್ತೆ, ಏಸ್ ಜೋಡಿ 8ರ ಜೋಡಿ ಯಾವಾಗ್ಲೂ ಸ್ಪ್ಲಿಟ್ (ಬೇರೆ ಮಾಡಿ ಎರಡು ಕೈಯಾಗಿ ಆಡೋದು), 10ರದ್ದು 5ರದ್ದು ಯಾವತ್ತೂ ಇಲ್ಲ. ಆಮೇಲೆ ಕೈಯಲ್ಲಿ ಒಟ್ಟು 12 ಇದ್ದಾಗ, ಡೀಲರ್ 4, 5, 6 ತೋರ್ಸಿದ್ರೆ ಮಾತ್ರ ನಿಲ್ಲೋದು, 2 ಅಥವಾ 3 ಇದ್ರೆ ಹಿಟ್ (ಇನ್ನೊಂದು ಎಲೆ ತಗೊಳ್ಳೋದು), ಇಲ್ಲೇ ತುಂಬಾ ಜನ ಎಡವೋದು. 16ಕ್ಕೆ ಡೀಲರ್ 10 ಬಂದ್ರೆ ಹೊಟ್ಟೆ ಕಿವುಚಿದ ಹಾಗಾಗುತ್ತೆ, ಆದ್ರೂ ಸರೆಂಡರ್ (ಅರ್ಧ ಬೆಟ್ ಬಿಟ್ಟುಕೊಟ್ಟು ಕೈ ಮುಗಿಸೋದು) ಇಲ್ದಿದ್ರೆ ಹಿಟ್ ಮಾಡೋದೇ ಸರಿ. ಈ ಲೆಕ್ಕಾನೆಲ್ಲ ಅಮೆರಿಕ ಸೈನ್ಯದಲ್ಲಿದ್ದ ನಾಲ್ಕು ಜನ ಮೇಜಿನ ಮೇಲಿಡೋ ಕ್ಯಾಲ್ಕ್ಯುಲೇಟರ್‌ನಲ್ಲೇ ಮಾಡಿ 1956ರಲ್ಲಿ ಪ್ರಕಟಿಸಿದ್ರು, ನೆನೆಸ್ಕೊಂಡ್ರೆ ಕೈ ಮುಗೀಬೇಕು ಅನ್ಸುತ್ತೆ.

ಇನ್ನೊಂದು ನೀವು ಬರೆದೇ ಇಲ್ಲ, ಲಾಸ್ ವೇಗಸ್‌ನಲ್ಲಿ ಈಗ ಎಷ್ಟೋ ಟೇಬಲ್‌ಗಳಲ್ಲಿ ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗೆ 21) ಬಿದ್ರೆ 10 ಡಾಲರ್‌ಗೆ 15 ಬರೋ ಕಡೆ 12 ಮಾತ್ರ ಕೊಡ್ತಾರೆ, ಚಾರ್ಟ್ ಎಷ್ಟು ಚೆನ್ನಾಗಿ ಬಂದ್ರೂ ಅಲ್ಲಿ ನಷ್ಟ ಜಾಸ್ತಿನೇ. ಟೇಬಲ್ ಬಟ್ಟೆ ಮೇಲೇನೇ ಬರ್ದಿರುತ್ತೆ, ಕೂರೋಕ್ ಮುಂಚೆ ಓದಿ.