ಕ್ರೋಮಿಗೂ ಕೆಂಪಿಂಕು

ಸರಸ್ವತಿಪುರಂನಲ್ಲಿರುವ ನಮ್ಮ ದೊಡ್ಡಪ್ಪ ರಿಟೈರ್ಡ್ ಕನ್ನಡ ಮೇಷ್ಟ್ರು. ಕೆಲಸ ಮುಗಿದರೂ ಕೆಂಪಿಂಕು ಒಣಗಿಲ್ಲ. ಮದುವೆ ಕಾಗದ ಕೊಟ್ಟರೆ ಮುಹೂರ್ತಕ್ಕಿಂತ ಮೊದಲು ಒತ್ತಕ್ಷರ ನೋಡುತ್ತಾರೆ. ಅಗ್ರಹಾರದ ಕಡೆ ಒಂದು ಹೋಟೆಲಿನ ಬೋರ್ಡಿನಲ್ಲಿ 'ಸಸ್ಯಹಾರಿ' ಅಂತ ಇತ್ತು. ದೋಸೆ ಚೆನ್ನಾಗಿದ್ದರೂ ಅಲ್ಲಿಗೆ ಹೋಗುವುದು ಬಿಟ್ಟರು.

ಅವರ ಕಂಪ್ಯೂಟರಿನ ಕ್ರೋಮ್‌ಗೆ ಕನ್ನಡ ನಿಘಂಟಿನ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಹಾಕಿಕೊಟ್ಟವನು ನಾನು. ಒಂದು ಸಂಜೆ ಫೋನ್ ಬಂತು. "ನಿಘಂಟು ಮಾಯ ಆಗಿದೆ ಕಣೋ. ಎಕ್ಸ್‌ಟೆನ್ಶನ್ ಕೆಟ್ಟಿರಬಹುದು ಅಂತಿದೆ. ಚೆನ್ನಾಗಿದ್ದದ್ದು ಹೆಂಗೋ ಕೆಡುತ್ತೆ?"

ಹೋಗಿ ನೋಡಿದೆ. ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ಅದರ ಪಕ್ಕದಲ್ಲೇ ರಿಪೇರಿ ಬಟನ್ ಇತ್ತು. ಒತ್ತಿದರೆ ಕ್ರೋಮ್ ತನ್ನ ವೆಬ್ ಸ್ಟೋರ್‌ನಿಂದ ಹೊಸ ಪ್ರತಿ ಇಳಿಸಿಕೊಳ್ಳುತ್ತೆ. ಅಷ್ಟೇ ಕೆಲಸ. ದೊಡ್ಡಮ್ಮ ಕಾಫಿ ಸೋಸುವಷ್ಟರಲ್ಲಿ ಮುಗೀತು. ಆದರೆ ಸುಮ್ನೆ ಕಾಫಿ ಕುಡಿದು ಬರೋಕಾಗುತ್ತಾ? ಡಿಸ್ಕ್ ಹಾಳಾಗಿದ್ರೆ ಹೀಗಾಗುತ್ತೆ, ಆಂಟಿವೈರಸ್ ಕೈಯಾಡಿಸಿದ್ರೂ ಹೀಗಾಗುತ್ತೆ ಅಂತ ಉಪನ್ಯಾಸ ಕೊಟ್ಟೆ. ದೊಡ್ಡಪ್ಪ ಬಹಳ ಗಂಭೀರವಾಗಿ ಹೂಂಗುಟ್ಟಿದರು.

ಮಾರನೇ ದಿನ ಮತ್ತೆ ಅದೇ ಫೋನ್. ಮತ್ತೆ ರಿಪೇರಿ. ಅದರ ಮಾರನೇ ದಿನವೂ ಅದೇ ಕತೆ. ಡಿಸ್ಕ್ ಪರೀಕ್ಷೆ ಮಾಡಿದೆ, ಗಟ್ಟಿಮುಟ್ಟಾಗಿದೆ. ಆಂಟಿವೈರಸ್ಸೂ ಪಾಪ, ಏನೂ ಮಾಡಿಲ್ಲ. ಕೊನೆಗೆ ಆಪ್‌ಡೇಟಾ ಅನ್ನೋ ಅಡಗಿಸಿಟ್ಟ ಫೋಲ್ಡರಿನ ಒಳಗೆ ಹೊಕ್ಕು, ಎಕ್ಸ್‌ಟೆನ್ಶನ್‌ಗಳು ಇರುವ ಫೋಲ್ಡರನ್ನೇ ತೆರೆದೆ. ಅಲ್ಲಿಯ ಹೆಸರು ನೋಡಿದರೆ ತಲೆ ತಿರುಗುತ್ತೆ. ಒಂದೊಂದಕ್ಕೂ 32 ಇಂಗ್ಲಿಷ್ ಅಕ್ಷರ, ಅದೂ 'ಎ'ಯಿಂದ 'ಪಿ'ವರೆಗಿನವು ಮಾತ್ರ. ನಿಘಂಟಿನ ಫೋಲ್ಡರಿನಲ್ಲಿ ಎಲ್ಲ ಫೈಲುಗಳಿಗೂ ಒಂದೇ ಸಮಯ ಇತ್ತು. ಪಾಪಪ್ ಡಾಟ್ ಎಚ್‌ಟಿಎಂಎಲ್ ಅನ್ನೋದಕ್ಕೆ ಮಾತ್ರ ಹಿಂದಿನ ರಾತ್ರಿ ಹತ್ತೂವರೆ.

"ದೊಡ್ಡಪ್ಪಾ, ರಾತ್ರಿ ಹತ್ತೂವರೆಗೆ ಇದನ್ನ ಯಾರು ಮುಟ್ಟಿದ್ರು?"

ದೊಡ್ಡಪ್ಪ ಕನ್ನಡಕ ಒರೆಸತೊಡಗಿದರು. ಉತ್ತರ ಅಡುಗೆಮನೆಯಿಂದ ಬಂತು. "ಇನ್ಯಾರು? ನಿದ್ದೆ ಬರಲ್ಲ ಅಂತ ಅದರ ಮುಂದೇನೇ ಕೂತಿರ್ತಾರೆ."

ರಜಕ್ಕೆ ಬಂದಿದ್ದ ಮೊಮ್ಮಗ ಅಡಗಿಸಿಟ್ಟ ಫೋಲ್ಡರ್ ನೋಡುವುದನ್ನು ಕಲಿಸಿ ಹೋಗಿದ್ದಾನೆ. ಇವರು ಉತ್ತರಪತ್ರಿಕೆಯ ಕಟ್ಟು ಬಿಚ್ಚಿದ ಹಾಗೆ ಒಂದೊಂದೇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಿದ್ದಾರೆ. ಒಂದರಲ್ಲಿ 'ಶಬ್ಧ ಹುಡುಕಿ' ಅಂತ ಸಿಕ್ಕಿದೆ. "ನಿಘಂಟು ಮಾಡೋರಿಗೇ ಶಬ್ದ ಬರೆಯೋಕೆ ಬರಲ್ಲ ಅಂದ್ರೆ!" ತಿದ್ದಿ ಸೇವ್ ಮಾಡಿದ್ದಾರೆ. ನಾನು ರಿಪೇರಿ ಒತ್ತಿದಾಗೆಲ್ಲ ಆ ತಪ್ಪು ವಾಪಸ್ ಬಂದಿದೆ. ಅವರು ಬಿಡದೆ ಮತ್ತೆ ತಿದ್ದಿದ್ದಾರೆ.

ಸ್ಟೋರ್‌ನಿಂದ ಬಂದ ಫೈಲುಗಳ ಗುರುತು ಕ್ರೋಮ್ ಹತ್ತಿರ ಇರುತ್ತೆ, ಒಂದಕ್ಷರ ಆಚೀಚೆ ಆದರೂ ಎಕ್ಸ್‌ಟೆನ್ಶನ್ ನಿಲ್ಲಿಸಿಬಿಡುತ್ತೆ ಅಂತ ವಿವರಿಸಿದೆ. ಕಳ್ಳ ತಿದ್ದಿದರೂ ಮೇಷ್ಟ್ರು ತಿದ್ದಿದರೂ ಅದಕ್ಕೆ ಒಂದೇ. ವ್ಯವಸ್ಥೆ ಒಳ್ಳೆಯದೇ. ಆದರೆ ದೊಡ್ಡಪ್ಪನ ಮುಂದೆ ಹಾಗೆ ಹೇಳೋಕೆ ಧೈರ್ಯ ಬೇಕು.

"ತಪ್ಪಿದ್ದಾಗ ಸರಿ ಇತ್ತು, ತಿದ್ದಿದ ಮೇಲೆ ಕೆಟ್ಟುಹೋಯ್ತಾ?"

ಮಾಡಿದವರಿಗೇ ಒಂದು ಮೇಲ್ ಹಾಕೋಣ ಅಂದೆ. ಹಾಕಿಯಾಗಿದೆಯಂತೆ, ಎರಡು ಪುಟ. ಉತ್ತರ ಬಂದಿಲ್ಲ.

ಕೊನೆಗೆ ಅಡ್ಡದಾರಿ ಹಿಡಿದೆ. ಮತ್ತೊಮ್ಮೆ ರಿಪೇರಿ ಒತ್ತಿ, ನಿಘಂಟಿನ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ, ಅದರಲ್ಲಿದ್ದ, ಆ ಗುರುತುಗಳನ್ನಿಟ್ಟ ಮೆಟಾಡೇಟಾ ಫೋಲ್ಡರ್ ಅಳಿಸಿದೆ. ಅದಿದ್ದರೆ ಕ್ರೋಮ್ ಒಳಗೇ ಬಿಟ್ಟುಕೊಳ್ಳಲ್ಲ. ಹಳೆಯದನ್ನು ತೆಗೆದು, ಎಕ್ಸ್‌ಟೆನ್ಶನ್ ಮಾಡುವವರಿಗೆಂದೇ ಇರುವ ಡೆವಲಪರ್ ಮೋಡ್ ಆನ್ ಮಾಡಿ, ಕಾಪಿಯನ್ನು ಲೋಡ್ ಮಾಡಿದೆ. ಇದಕ್ಕೆ ಗುರುತಿನ ತಪಾಸಣೆ ಇಲ್ಲ. ಎಷ್ಟು ಬೇಕಾದರೂ ತಿದ್ದಿಕೊಳ್ಳಲಿ. ದೊಡ್ಡಪ್ಪ ನನ್ನೆದುರೇ 'ಶಬ್ದ' ಸರಿ ಮಾಡಿದರು. ನಿಘಂಟು ತೆರೆದುಕೊಂಡಿತು.

"ಆದ್ರೆ ಒಂದು ದೊಡ್ಡಪ್ಪಾ," ಅಂದೆ. "ಇನ್ನು ಇದಕ್ಕೆ ತಾನಾಗೇ ಅಪ್‌ಡೇಟ್ ಬರಲ್ಲ."

"ಯಾಕೋ ಬೇಕು?" ಅಂದರು. "ತಪ್ಪಿದ್ರೆ ತಾನೇ ಅಪ್‌ಡೇಟು?"