ದಿನಕ್ಕೆ 34 ಜನ, ಎಲ್ಲರೂ ಒಂದೇ ಕಡೆಗೆ

ಆಸ್ಟ್ರೇಲಿಯಾದ ದ್ವೀಪ ರಾಜ್ಯ ಟಾಸ್ಮೇನಿಯಾದ ಓವರ್‌ಲ್ಯಾಂಡ್ ಟ್ರ್ಯಾಕ್ ಅನ್ನುವ ಚಾರಣದ ದಾರಿಯಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಉತ್ತರದಿಂದ ದಕ್ಷಿಣಕ್ಕೆ ಮಾತ್ರ ನಡೆಯಬಹುದು. ಕ್ರೇಡಲ್ ಮೌಂಟನ್ ಬಳಿ ಹೊರಟು ಲೇಕ್ ಸೇಂಟ್ ಕ್ಲೇರ್ ತಲುಪಬೇಕು. ಸುಮಾರು 65 ಕಿಲೋಮೀಟರ್ ದಾರಿ, ಸಾಮಾನ್ಯವಾಗಿ ಆರು ದಿನ ಹಿಡಿಯುತ್ತದೆ. ಗೈಡ್ ಇಲ್ಲದೆ ಸ್ವಂತವಾಗಿ ಹೊರಡುವವರಿಗೆ ದಿನಕ್ಕೆ 34 ಜಾಗ, ಅಷ್ಟೇ.

ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನಲ್ಲಿ ನೆಲೆಸಿರುವ ನನ್ನನ್ನು ಊರಿನ ಗೆಳೆಯರು ಮೊದಲು ಕೇಳುವುದು ಈ 34ರ ಬಗ್ಗೆ. ನನಗೆ ಅದಕ್ಕಿಂತ ದಿಕ್ಕಿನ ನಿಯಮವೇ ಜಾಣತನದ್ದು ಅನ್ನಿಸುತ್ತದೆ. ಎಲ್ಲರೂ ಒಂದೇ ಕಡೆಗೆ ಹೋಗುತ್ತಿದ್ದರೆ ಎದುರಿಗೆ ಯಾರೂ ಸಿಗುವುದಿಲ್ಲ. ದಾರಿಯಲ್ಲಿ ಹಲವು ಕಡೆ ಜೌಗು ನೆಲ. ಅದರ ಮೇಲೆ ಕಿರಿದಾದ ಹಲಗೆ ಹಾಸಿದ್ದಾರೆ. ಎದುರಾದವರಿಗೆ ದಾರಿ ಬಿಡಲು ಒಬ್ಬ ಕೆಳಗಿಳಿದರೆ ಹುಲ್ಲು ಕೆಸರಾಗುತ್ತದೆ. ಹಿಂದೆ ಬಂದವನು ಆ ಕೆಸರನ್ನು ತಪ್ಪಿಸಲು ಇನ್ನೂ ಆಚೆ ಕಾಲಿಡುತ್ತಾನೆ. ಕಾಲುದಾರಿ ಹೀಗೇ ಅಗಲವಾಗುತ್ತಾ ಹೋಗುತ್ತದೆ. ರಾತ್ರಿ ಯಾವ ಹಟ್‌ಗೆ, ಅಂದರೆ ದಾರಿಯಲ್ಲಿ ತಂಗುವ ಮನೆಗೆ, ಎಷ್ಟು ಜನ ಬರಬಹುದು ಅನ್ನುವುದೂ ಮೊದಲೇ ಗೊತ್ತಿರುತ್ತದೆ. ಆದರೂ ಮಲಗಲು ಜಾಗ ಕಾದಿರಿಸುವಂತಿಲ್ಲ. ಟೆಂಟು ಹೊತ್ತೇ ಹೋಗಬೇಕು.

ಈ ಬುಕಿಂಗ್, ಶುಲ್ಕ ಎಲ್ಲ ಶುರುವಾದದ್ದು 2005ರಲ್ಲಿ. ಈಗ ತಲೆಗೆ 200 ಆಸ್ಟ್ರೇಲಿಯನ್ ಡಾಲರ್‌ಗಿಂತ ಜಾಸ್ತಿ. ಟಾಯ್ಲೆಟ್ಟಿನ ಹೊಲಸನ್ನೂ ಹೆಲಿಕಾಪ್ಟರ್‌ನಲ್ಲಿ ಎತ್ತಿ ಸಾಗಿಸುತ್ತಾರೆ, ಹಾಗಾಗಿ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವ ಅನುಮಾನ ನನಗಿಲ್ಲ. ಆದರೆ ನಾಲ್ಕು ಜನರ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ಅದೇ ದಾರಿಯಲ್ಲಿ ಇನ್ನೂ ಹೆಚ್ಚು ಕೊಟ್ಟವರಿಗೆ ಬಿಸಿನೀರಿನ ಸ್ನಾನ ಸಿಗುವ ಖಾಸಗಿ ಹಟ್‌ಗಳಿವೆ. ಇದನ್ನು ನಾವು ನಕಲು ಮಾಡುವುದು ಬೇಡ.

ನಮ್ಮ ಕುಮಾರ ಪರ್ವತಕ್ಕೆ ಬನ್ನಿ. 2024ರ ಜನವರಿಯ ಕೊನೆಯಲ್ಲಿ ಅಲ್ಲಿ ನೆರೆದ ಜನಜಂಗುಳಿಯ ಫೋಟೋಗಳನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಜನರ ಮಿತಿ ಹಾಕಿತು. ಒಳ್ಳೆಯದೇ. ಆದರೆ ಕುಕ್ಕೆಯಿಂದ ಹತ್ತಿದವನು ಅದೇ ದಾರಿಯಲ್ಲಿ ಇಳಿದರೆ ಕಾಲುದಾರಿಯ ಪಾಲಿಗೆ ಅವನು ಇಬ್ಬರು, ಅಲ್ವಾ? ಶೇಷಪರ್ವತದ ಕಡಿದಾದ ಜಾಗದಲ್ಲಿ ಹತ್ತುವವರು, ಇಳಿಯುವವರು ಎದುರುಬದುರಾದರೆ ಯಾರೋ ಒಬ್ಬರು ದಾರಿ ಬಿಟ್ಟು ಹುಲ್ಲಿಗೆ ಕಾಲಿಡಲೇಬೇಕು.

ಈ ಬೆಟ್ಟಕ್ಕೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದಲೂ ದಾರಿಯಿದೆ. ಅದು ಕುಕ್ಕೆಯ ದಾರಿಗಿಂತ ಗಿಡ್ಡ. ಜನ ಮುಗಿಬೀಳುವ ಶನಿವಾರ, ಭಾನುವಾರ ಮತ್ತು ರಜೆಗಳಲ್ಲಿ ಎಲ್ಲರೂ ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯಲಿ. ಕುಮಾರಧಾರೆಯಲ್ಲಿ ಮಿಂದು, ಸುಬ್ರಹ್ಮಣ್ಯನ ದರ್ಶನ ಮಾಡಿ, ಪ್ರಸಾದದ ಊಟ ಮುಗಿಸಿ ಬಸ್ ಹತ್ತಬಹುದು. ಇಂಥ ಕೊನೆ ಟಾಸ್ಮೇನಿಯಾದವರಿಗೆ ಎಲ್ಲಿ ಸಿಗಬೇಕು!

ಕಾರು ಆಚೆ ಬದಿಯಲ್ಲೇ ಉಳಿಯುತ್ತದಲ್ಲ ಅನ್ನುತ್ತೀರಿ. ಟಾಸ್ಮೇನಿಯಾದಲ್ಲೂ ಅದೇ ಕಥೆ. ದುಡ್ಡು ಕೊಟ್ಟು ಶಟಲ್ ಬಸ್ಸಿನಲ್ಲಿ ಹೋಗುತ್ತಾರೆ. ಬೆಳಗಿನ ಜಾವ ಕುಕ್ಕೆಯಿಂದ ಬೀದಳ್ಳಿಗೆ ಒಂದೆರಡು ಬಸ್ ಬಿಟ್ಟು, ಟಿಕೆಟ್ಟಿನ ಹಣವನ್ನು ಬುಕಿಂಗ್ ಜೊತೆಗೇ ತೆಗೆದುಕೊಂಡರೆ ಆಯಿತು. ಅಷ್ಟುದ್ದ ಇಳಿದರೆ ಮೊಣಕಾಲು ಹೋಗುತ್ತದೆ ಅನ್ನುವವರು ವಾರದ ನಡುವೆ ಬರಲಿ, ತಮಗೆ ಬೇಕಾದ ಕಡೆಯಿಂದ ಹತ್ತಲಿ. ಓವರ್‌ಲ್ಯಾಂಡ್ ಟ್ರ್ಯಾಕ್‌ನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜನ ಕಡಿಮೆ, ಆಗ ಎರಡೂ ಕಡೆಯಿಂದ ನಡೆಯಲು ಬಿಡುತ್ತಾರೆ.