ಫ್ಯಾನ್ ಕೆಳಗಿನ ಸೆಂಟೆಡ್ ಕ್ಯಾಂಡಲ್ ಮತ್ತು ದಿನಾ ಹಚ್ಚುವ ಊದಿನಕಡ್ಡಿ

ದಾವಣಗೆರೆಯಲ್ಲಿ ಗೃಹಪ್ರವೇಶಕ್ಕೆ ಕೊಡುವ ಗೋಡೆ ಗಡಿಯಾರದ ಜಾಗಕ್ಕೆ ಈಗ ಸೆಂಟೆಡ್ ಕ್ಯಾಂಡಲ್ ಬಂದು ಕೂತಿದೆ. ಗಾಜಿನ ಲೋಟ, ಮರದ ಮುಚ್ಚಳ, ಲೇಬಲ್ ಮೇಲೆ ‘ಸೋಯಾ’, ‘ನ್ಯಾಚುರಲ್’, ‘ಟಾಕ್ಸಿನ್ ಫ್ರೀ’. ಕೊಂಡವರು ಕೇಳುವುದೂ ಒಂದೇ: ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಮೇಣ ಕೆಟ್ಟದ್ದು, ಸೋಯಾ ಎಣ್ಣೆಯ ಮೇಣ ಒಳ್ಳೇದು ಅಲ್ವಾ? ನನ್ನ ಪ್ರಕಾರ ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಾವ ಮೇಣವಾದರೂ ಸರಿಯಾಗಿ ಉರಿಯದಿದ್ದರೆ ಮಸಿ ಕಾರುತ್ತದೆ. ನಮ್ಮ ಮನೆಗಳಲ್ಲಿ ಅದು ಸರಿಯಾಗಿ ಉರಿಯದಿರಲು ಮೊದಲ ಕಾರಣ ತಲೆ ಮೇಲೆ ತಿರುಗುವ ಫ್ಯಾನು.

ಜ್ವಾಲೆ ನೆಟ್ಟಗೆ ನಿಂತಿದ್ದರೆ ಬತ್ತಿಯ ಮೂಲಕ ಮೇಲೇರಿದ ಮೇಣ ಆವಿಯಾಗಿ ಬಹುಪಾಲು ಪೂರ್ತಿ ಸುಡುತ್ತದೆ. ಗಾಳಿಗೆ ಹೊಯ್ದಾಡಿತೋ, ಅರೆಬರೆ ಸುಟ್ಟ ಇಂಗಾಲ ಹಾಗೇ ಹೊರಬೀಳುತ್ತದೆ. ಲೋಟದ ಒಳಗೆ ಕಣ್ಣು ಹಾಯಿಸಿ. ಒಂದೇ ಕಡೆ ಕಪ್ಪು ಹಿಡಿದಿದ್ದರೆ ಎದುರು ಬದಿಯಿಂದ ಗಾಳಿ ಬೀಸುತ್ತಿದೆ. ಸುತ್ತಲೂ ಕಪ್ಪಾಗಿದ್ದರೆ ಬತ್ತಿ ಉದ್ದವಾಗಿದೆ, ಇಲ್ಲವೇ ಸೆಂಟು ಜಾಸ್ತಿ ಸುರಿದಿದ್ದಾರೆ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಕೂರುವ ಪುಣ್ಯಾತ್ಮರು ಈ ಊರಲ್ಲಿ ಸಿಗುವುದಿಲ್ಲ. ಏಸಿ ಹಾಕಿ, ಬಾಗಿಲು ಮುಚ್ಚಿ ಹಚ್ಚುವುದು ಇನ್ನೂ ಕೆಟ್ಟದ್ದು. ಮನೆಯ ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಗೆ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಬೇಸಿಗೆ ಮುಗಿಯುವ ತನಕ ಕ್ಯಾಂಡಲ್ ಬೀರುವಿನಲ್ಲೇ ಇರಲಿ. ಬಿಸಿಲಿಗೆ ಮೇಣದ ಮೇಲೆ ಎಣ್ಣೆಯ ಹನಿ ಕಾಣಿಸಿಕೊಂಡರೆ ಹಚ್ಚುವ ಮೊದಲು ಟಿಶ್ಯೂ ಪೇಪರಿನಿಂದ ಒತ್ತಿ ತೆಗೆಯಿರಿ.

ಹಚ್ಚಲೇಬೇಕು ಅನ್ನಿಸಿದರೆ ಪ್ರತಿ ಸಲವೂ ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ, ಉಗುರು ಕತ್ತರಿಸುವ ಕಟ್ಟರ್ ಸಾಕು. ಬತ್ತಿಯ ತುದಿಯಲ್ಲಿ ಅಣಬೆಯ ಹಾಗೆ ಗಂಟು ಕಟ್ಟಿದ್ದರೆ ಅದು ಶೇಖರವಾದ ಇಂಗಾಲ, ಅದನ್ನು ಚಿವುಟಿ ಬಿಸಾಡಿ. ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಲೋಟದ ಅಂಚು ಮುಟ್ಟುವವರೆಗೆ ಬಿಡಬೇಕು. ಅಗಲ ಒಂದು ಇಂಚಿಗೆ ಸುಮಾರು ಒಂದು ಗಂಟೆ ಅಂತ ಲೆಕ್ಕ. ಮಧ್ಯದಲ್ಲೇ ಆರಿಸಿದರೆ ನಡುವೆ ಗುಂಡಿ ಬಿದ್ದು, ಮುಂದೆ ಬತ್ತಿ ಮೇಣದಲ್ಲೇ ಮುಳುಗುತ್ತದೆ. ಆದರೆ ಯಾವತ್ತೂ ನಾಲ್ಕು ಗಂಟೆ ಮೀರಿ ಉರಿಸಬೇಡಿ. ತಳದಲ್ಲಿ ಒಂದು ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ಗಾಜು ಸಿಡಿಯಬಹುದು. ಉಫ್ ಎಂದು ಊದಿ ಆರಿಸಿದಾಗ ಬರುವ ಬಿಳಿ ಹೊಗೆಯೇ ಮೂಗಿಗೆ ಹೆಚ್ಚು ಕಾಟ ಕೊಡುವುದು. ಬಾಗಿಸಿದ ತಂತಿಯಿಂದ ಉರಿಯುವ ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ, ತಕ್ಷಣ ಎತ್ತಿ ನೆಟ್ಟಗೆ ನಿಲ್ಲಿಸಿ. ಹೊಗೆ ಏಳುವುದಿಲ್ಲ.

ಬತ್ತಿಯೊಳಗೆ ಲೋಹದ ತಂತಿ ಇದೆಯಾ ನೋಡಿ. ಸೀಸದ ತಂತಿಯ ಬತ್ತಿಯನ್ನು ಅಮೆರಿಕ 2003ರಲ್ಲೇ ನಿಷೇಧಿಸಿದೆ. ಹಚ್ಚದ ಬತ್ತಿಯ ಹತ್ತಿ ಬಿಡಿಸಿ, ತಂತಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿ. ಪೆನ್ಸಿಲ್ ಗೀರಿನಂತೆ ಬೂದು ಗುರುತು ಬಿದ್ದರೆ ಆ ಕ್ಯಾಂಡಲ್ ಕಸಕ್ಕೆ.

ಮನೆಯಲ್ಲೇ ಮಾಡಿ ಮಾರುವ ಹೆಣ್ಣುಮಕ್ಕಳಿಗೂ ಒಂದು ಮಾತು. 100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ ಸೆಂಟು ಸಾಕು. 10 ದಾಟಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ, ಮಸಿಯೂ ಹೆಚ್ಚು. ಬಣ್ಣಕ್ಕೆ ಮಕ್ಕಳ ಕ್ರೇಯಾನ್ ಕರಗಿಸಿ ಹಾಕಬೇಡಿ, ಅದರ ಪುಡಿ ಬತ್ತಿಗೆ ಅಡ್ಡ ಕೂರುತ್ತದೆ. ಸೆಂಟ್ ಕೊಡುವವರ ಹತ್ತಿರ ‘ಇಫ್ರಾ’ (ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ) ನಿಯಮದ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಕ್ಯಾಂಡಲ್, ಊದಿನಕಡ್ಡಿ ಬರುವುದು 12ನೇ ವರ್ಗದಲ್ಲಿ. ಸೆಂಟು ತೆಳು ಮಾಡಲು ಬೆರೆಸುವ ಥ್ಯಾಲೇಟ್ ಎಂಬ ರಾಸಾಯನಿಕ ಇಲ್ಲ ಅಂತ ಬರವಣಿಗೆಯಲ್ಲಿ ಕೊಡಲು ತಯಾರಿಲ್ಲದವರ ಸರಕು ಬೇಡ.

ನಿಜ ಹೇಳಬೇಕೆಂದರೆ, ತಿಂಗಳಿಗೊಮ್ಮೆ ಹಚ್ಚುವ ಕ್ಯಾಂಡಲ್‌ಗಿಂತ ದಿನಾ ಎರಡು ಹೊತ್ತು ಹಚ್ಚುವ ಊದಿನಕಡ್ಡಿಯದೇ ದೊಡ್ಡ ಬಾಬ್ತು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಒಂದು ಗ್ರಾಂ ಊದಿನಕಡ್ಡಿ ಸುಟ್ಟರೆ 45 ಮಿಲಿಗ್ರಾಂಗೂ ಹೆಚ್ಚು ಹೊಗೆಕಣ ಬರುತ್ತದೆ, ಸಿಗರೇಟಿನಲ್ಲಿ ಅದು ಸುಮಾರು 10 ಮಿಲಿಗ್ರಾಂ. ಅಗ್ಗದ ಕಪ್ಪು ಕಡ್ಡಿ ಎಂದರೆ ಬಿದಿರಿನ ಮೇಲೆ ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು ಎಂಬ ಮರದ ತೊಗಟೆಯ ಪುಡಿ. ಅದನ್ನು ಆಮೇಲೆ ಸೆಂಟಿನಲ್ಲಿ ಅದ್ದುತ್ತಾರೆ. ಆ ಸೆಂಟನ್ನು ತೆಳು ಮಾಡಲು ಸೇರಿಸುವುದು ಬಹಳ ಕಡೆ ಡಿಇಪಿ, ಅಂದರೆ ಡೈಈಥೈಲ್ ಥ್ಯಾಲೇಟ್. ಮೂಸಿ ನೋಡಿ ಹಿಡಿಯೋಣ ಎಂದರೆ ಅದಕ್ಕೆ ವಾಸನೆಯೇ ಇಲ್ಲದಷ್ಟು ಕಮ್ಮಿ. ಕಡ್ಡಿಯನ್ನು ಬಿಳಿ ಕಾಗದದಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟು ನೋಡಿ. ಎಣ್ಣೆಯ ಕಲೆ ದಟ್ಟವಾಗಿ ಹರಡಿದ್ದರೆ ಅದ್ದಿದ್ದು ಜಾಸ್ತಿಯಾಗಿದೆ ಎನ್ನುವಷ್ಟಂತೂ ಗೊತ್ತಾಗುತ್ತದೆ.

2025ರ ಕೊನೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಊದಿನಕಡ್ಡಿಗೆಂದೇ ಐಎಸ್ 19412:2025 ಎಂಬ ಮಾನದಂಡ ತಂದಿದೆ. ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೋನಿಲ್‌ನಂಥ ಕೀಟನಾಶಕ ಕಡ್ಡಿಯಲ್ಲಿ ಇರಕೂಡದು ಎನ್ನುತ್ತದೆ ಅದು. ನಮ್ಮ ಸುತ್ತಿನ ಹತ್ತಿ ಬೆಳೆಗಾರರಿಗೆ ಸೈಪರ್ಮೆಥ್ರಿನ್ ಹೆಸರು ಬಿಡಿಸಿ ಹೇಳಬೇಕಿಲ್ಲ. ಪ್ಯಾಕೆಟ್ ಮೇಲೆ ಈ ನಂಬರ್ ಹುಡುಕಿ. ‘ಸೊಳ್ಳೆ ಅಗರಬತ್ತಿ’ ಎಂದು ಸಂತೆಯಲ್ಲಿ ಮಾರುವುದರ ಮೇಲೆ ಕೀಟನಾಶಕ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮುಟ್ಟಲೇಬೇಡಿ. ದೇವರ ಮುಂದೆ ಒಂದೇ ಕಡ್ಡಿ, ಅದನ್ನೂ ಅರ್ಧ ಮುರಿದು, ಕಿಟಕಿ ತೆಗೆದು ಹಚ್ಚಿ. ಉಬ್ಬಸದವರು, ಎಳೆ ಮಕ್ಕಳು ಇರುವ ಮನೆಯಲ್ಲಿ ಹೂವು, ತುಪ್ಪದ ದೀಪ ಇಷ್ಟೇ ಸಾಕು.

ನುಸಿ ಗುಳಿಗೆಯನ್ನು ಬಾಣಂತಿ ಕೋಣೆಯ ಬಟ್ಟೆಗಳ ನಡುವೆ ಇಡಲೇಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುವಿಗೆ ಗುಳಿಗೆಯ ನ್ಯಾಫ್ತಲೀನ್‌ನಿಂದ ರಕ್ತಕಣ ಒಡೆದು ಕಾಮಾಲೆ ಏರಬಹುದು. ಕರ್ಪೂರ ಮಕ್ಕಳ ಕೈಗೆ ಸಿಗಬಾರದು, ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ರೂಮ್ ಸ್ಪ್ರೇ ಡಬ್ಬಿಯ ಒಳಗಿನ ಒತ್ತಡದ ಅನಿಲ ಸಾಮಾನ್ಯವಾಗಿ ಬೇಗ ಹೊತ್ತಿಕೊಳ್ಳುವ ಬ್ಯೂಟೇನ್, ಪ್ರೊಪೇನ್. ಒಲೆ ಉರಿಯುವಾಗ ಅಡುಗೆಮನೆಯಲ್ಲಿ ಹೊಡೆಯಬೇಡಿ.

ಪರಿಮಳ ಬೇಕೇ ಬೇಕು ಎನ್ನುವವರು ಚೌಕಿಪೇಟೆ ಕಡೆ ಗ್ರಂಥಿಗೆ ಅಂಗಡಿಯಲ್ಲಿ ಲಾವಂಚದ ಬೇರು ಕೇಳಿ. 100 ಗ್ರಾಂ ತಂದು ತೆಳು ಬಟ್ಟೆಯಲ್ಲಿ ಕಟ್ಟಿ, ನೀರು ಚಿಮುಕಿಸಿ ಕಿಟಕಿಗೆ ನೇತುಹಾಕಿ. ಬೂಸ್ಟು ಹಿಡಿಯದಂತೆ ಆಗಾಗ ಬಿಸಿಲಿಗೆ ಒಣಗಿಸಬೇಕು.

ಆದರೆ ಬಹಳ ಮನೆಗಳಲ್ಲಿ ಸೆಂಟು ಹಚ್ಚುವುದು ಕೆಟ್ಟ ವಾಸನೆ ಮುಚ್ಚಲು. ಮಿರ್ಚಿ ಕರಿಯುವ ದಿನ ಎಣ್ಣೆ ಕಾಯುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಕರಿದು ಮುಗಿದ ಮೇಲೂ ಹದಿನೈದು ನಿಮಿಷ ಓಡಲಿ. ಎಣ್ಣೆಯ ಹಬೆ ಕರ್ಟನ್‌ಗೆ ಅಂಟಿದ ಮೇಲೆ ಒಗೆಯದೆ ಬೇರೆ ದಾರಿಯಿಲ್ಲ. ಬಚ್ಚಲ ವಾಸನೆಗೆ ಬೇಸಿಗೆಯಲ್ಲಿ ಕಾರಣ ಸಾಮಾನ್ಯವಾಗಿ ಒಣಗಿದ ನಹಾನಿ ಟ್ರ್ಯಾಪ್, ಅಂದರೆ ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಾಗಿದ ಭಾಗ. ಅದರಲ್ಲಿ ನಿಲ್ಲಬೇಕಾದ ನೀರು ಆರಿಹೋದರೆ ಚರಂಡಿ ಗಾಳಿ ನೇರ ಮನೆಯೊಳಗೆ ಬರುತ್ತದೆ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಎರಡು ಮಗ್ ನೀರು ಸುರಿಯಿರಿ. ಬೀಗ ಹಾಕಿ ಊರಿಗೆ ಹೊರಟಾಗ ಆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ.